ಏನು ಉಳಿದರೆ ಸಾಕು? ಸತ್ತು ಬದುಕುವ ಪಾತ್ರಗಳನ್ನು ವಿಂಗಡಿಸುವ ಬಗೆ

ರಕ್ತಬೀಜಾಸುರನಿಂದಲೇ ಶುರು ಮಾಡೋಣ. ಎಲ್ಲರೂ ತಪ್ಪು ಜಾಗದಲ್ಲಿ ಕೂರಿಸುವ ಪಾತ್ರ ಅವನು. ಗಾಯ ತಾನಾಗಿ ಮಾಯುವ, ಕಡಿದ ಅಂಗ ಚಿಗುರುವ, ಸತ್ತವರು ಎದ್ದು ಬರುವ ಪಾತ್ರಗಳ ಪಟ್ಟಿಯನ್ನು ಯಾರೇ ಮಾಡಲಿ, ಅವನಿಗೆ ಮೇಲಿನ ಸಾಲಿನಲ್ಲೊಂದು ಮಣೆ ಖಾಯಂ. ಒಂದು ತೊಟ್ಟು ರಕ್ತದಿಂದ ಇಡೀ ದೇಹ ಎದ್ದು ನಿಲ್ಲುತ್ತದೆ, ಇನ್ನೇನು ಬೇಕು ಎನ್ನುತ್ತಾರೆ. ಆದರೆ ದೇವೀಮಾಹಾತ್ಮ್ಯದ ಎಂಟನೇ ಅಧ್ಯಾಯವನ್ನು ನಿಧಾನವಾಗಿ ಓದಿ ನೋಡಿ. ಐಂದ್ರಿ ವಜ್ರದಿಂದ ಹೊಡೆಯುತ್ತಾಳೆ, ವೈಷ್ಣವಿ ಚಕ್ರದಿಂದ ಸೀಳುತ್ತಾಳೆ. ಆ ಗಾಯಗಳಲ್ಲಿ ಒಂದಾದರೂ ಮಾಯಿತು ಎಂಬ ಮಾತು ಇಡೀ ಅಧ್ಯಾಯದಲ್ಲಿ ಇಲ್ಲ. ರಕ್ತ ಸುರಿಯುತ್ತಲೇ ಇರುತ್ತದೆ, ಬಿದ್ದ ಹನಿಯಿಂದ ಅವನಷ್ಟೇ ಬಲದ ಇನ್ನೊಬ್ಬ ಏಳುತ್ತಾನೆ. ಮೊದಲಿನವನು ಮಾತ್ರ ಗಾಯಾಳುವಾಗಿಯೇ ಉಳಿಯುತ್ತಾನೆ. ಕೊನೆಗೆ ಅವನು ಸಾಯುವುದು ಹೇಗೆ? ನೆತ್ತರು ಮುಗಿದು. 'ನೀರಕ್ತ'ನಾಗಿ ನೆಲಕ್ಕೆ ಬಿದ್ದ ಎನ್ನುತ್ತದೆ ಮೂಲ.

ಅಂದರೆ ಮಾಯುವ ಶಕ್ತಿಯ ಲೆಕ್ಕದಲ್ಲಿ ರಕ್ತಬೀಜನಿಗೂ ನಮಗೂ ಏನೂ ವ್ಯತ್ಯಾಸವಿಲ್ಲ. ಅವನದ್ದು ಪ್ರತಿ ತೆಗೆಯುವ ಶಕ್ತಿ. ಮನುಷ್ಯನ ಅಳತೆಯನ್ನೇ ಹಿಡಿದರೆ ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ, ಒಂದು ತೊಟ್ಟೆಂದರೆ ಹೆಚ್ಚುಕಡಿಮೆ 0.05 ಮಿಲಿಲೀಟರ್. ಭಾಗಿಸಿದರೆ ಒಂದು ಲಕ್ಷ. ಒಂದು ಲಕ್ಷ ಹೊಸಬರು ಏಳುವ ಹೊತ್ತಿಗೆ ಹಳಬ ಒಣಗಿರುತ್ತಾನೆ. ಇನ್ನೊಂದು ಸೂಕ್ಷ್ಮವೂ ಇದೆ. ರಕ್ತ ನೆಲಕ್ಕೆ ತಾಗದಿದ್ದರೆ ಆಯಿತು, ಅದೇ ಅವನ ದೌರ್ಬಲ್ಯ ಎಂದು ನಾವೆಲ್ಲ ಹೇಳಿಕೊಂಡು ಬಂದಿದ್ದೇವೆ. ಮೂಲದಲ್ಲಿ ಚಾಮುಂಡಿಯ ಬಾಯೊಳಗೇ ಕೆಲವು ಅಸುರರು ಹುಟ್ಟುತ್ತಾರೆ, ಅವಳು ಅವರನ್ನೂ ಅಗಿದು ನುಂಗುತ್ತಾಳೆ. ನೆಲದ ಷರತ್ತು ನಾವು ತಿಳಿದಷ್ಟು ಬಿಗಿಯಲ್ಲ. ಅವನನ್ನು ನಿಜವಾಗಿ ಕೊಂದದ್ದು ರಕ್ತದ ಮಿತಿ.

ಸಾಮಾನ್ಯವಾಗಿ ಚಾಲ್ತಿಯಲ್ಲಿರುವ ಏಣಿಯೊಂದಿದೆ. ಗೀರುಗಾಯ ಬೇಗ ಮಾಯುವವರು ಕೆಳಗಿನ ಮೆಟ್ಟಿಲಲ್ಲಿ. ಮೇಲೆ ಬೆರಳು, ಆಮೇಲೆ ಕೈಕಾಲು, ಆಮೇಲೆ ಹೃದಯ, ತಲೆ, ಒಂದು ತುಂಡಿನಿಂದ ಎದ್ದು ಬರುವವರು, ಒಂದು ಹನಿಯಿಂದ ಬರುವವರು, ಬೂದಿಯಿಂದ, ಹೊಗೆಯಿಂದ. ತುತ್ತತುದಿಯಲ್ಲಿ ದೇಹದ ಸುಳಿವೇ ಇಲ್ಲದೆ ಮರಳುವವರು. ನೋಡಲು ಚೆನ್ನಾಗಿದೆ. ಆದರೆ ಈ ಏಣಿ ಅಳೆಯುವುದು ಎಷ್ಟು ಹಾಳಾಯಿತು ಎಂಬುದನ್ನು ಮಾತ್ರ. ಕೇಳಬೇಕಾದ್ದು ಅದರ ಮಗ್ಗುಲಿನ ಪ್ರಶ್ನೆ: ಏನು ಉಳಿದಿತ್ತು? ಉಳಿದದ್ದು ಎಲ್ಲಿತ್ತು? ಅದನ್ನೂ ತೆಗೆದುಬಿಟ್ಟರೆ ಏನಾಗುತ್ತಿತ್ತು? ಈ ಮೂರನ್ನು ಕೇಳಿದ ಕೂಡಲೇ ಅರ್ಧಕ್ಕರ್ಧ ಪಾತ್ರಗಳು ಇದ್ದ ಮೆಟ್ಟಿಲಿನಿಂದ ಇಳಿದುಬಿಡುತ್ತವೆ.

ಅದಕ್ಕೂ ಮೊದಲು ಒಂದು ಗೆರೆ ಎಳೆಯಬೇಕು. ಪ್ರಾಣ ಹೋಗಿತ್ತೇ, ಇಲ್ಲವೇ? ಹೋಗಿರಲಿಲ್ಲ ಎಂದಾದರೆ ಅದು ಮರುಬೆಳವಣಿಗೆ, ದೇಹದ ಕೆಲಸ. ಹೋಗಿ ಬಂತು ಎಂದಾದರೆ ಮರುಜೀವ. ಅದರಲ್ಲಿ ದೇಹದ ಜೊತೆಗೆ ಇನ್ನೊಬ್ಬರ ಒಪ್ಪಿಗೆ, ಮಂತ್ರ, ಮಣಿ, ವರ, ಬೆಲೆ ಹೀಗೆ ಹೊರಗಿನದೇನಾದರೂ ಇದ್ದೇ ಇರುತ್ತದೆ. ಪ್ರಾಣ ಒಂದಿದ್ದದ್ದು ಹತ್ತಾಯಿತು ಎಂದಾದರೆ ಅದು ರಕ್ತಬೀಜನ ಖಾನೆ, ಮೂರನೆಯದು. ಈ ಮೂರನ್ನು ಕಲಸಿದ ಪಟ್ಟಿಯಲ್ಲಿ ಸತ್ಯವಾನನೂ ಅಮೆರಿಕದ ಕಾಮಿಕ್ಸಿನ ವುಲ್ವರಿನ್ನನೂ ಒಂದೇ ಸಾಲಿನಲ್ಲಿ ಕೂತಿರುತ್ತಾರೆ.

ಮರುಬೆಳವಣಿಗೆಯ ಒಳಗಿನ ವಿಂಗಡಣೆಗೆ ನನಗೆ ಎಲ್ಲಕ್ಕಿಂತ ಇಷ್ಟವಾದ ಸಲಕರಣೆ ವಾಲ್ಮೀಕಿ ರಾಮಾಯಣದ್ದು. ಇಂದ್ರಜಿತ್ತುವಿನ ಬ್ರಹ್ಮಾಸ್ತ್ರಕ್ಕೆ 67 ಕೋಟಿ ಕಪಿಗಳು ಉರುಳಿ, ರಾಮಲಕ್ಷ್ಮಣರೂ ಮಲಗಿದಾಗ ಜಾಂಬವಂತ ಹನುಮಂತನಿಗೆ ನಾಲ್ಕು ಮೂಲಿಕೆಗಳ ಹೆಸರು ಹೇಳುತ್ತಾನೆ. ನಾವು ಎಲ್ಲವನ್ನೂ ಒಟ್ಟು ಸೇರಿಸಿ 'ಸಂಜೀವಿನಿ' ಎಂದುಬಿಡುತ್ತೇವೆ, ಆದರೆ ಪಟ್ಟಿ ಬಹಳ ಕರಾರುವಾಕ್ಕಾಗಿದೆ. ವಿಶಲ್ಯಕರಣಿ ಮೈಯಲ್ಲಿ ನೆಟ್ಟ ಬಾಣವನ್ನು ಹೊರಹಾಕಲು. ಸಂಧಾನಕರಣಿ ಮುರಿದದ್ದನ್ನು ಕೂಡಿಸಲು. ಸಾವರ್ಣ್ಯಕರಣಿ ಚರ್ಮಕ್ಕೆ ಮೊದಲಿನ ಬಣ್ಣ ಬರಿಸಲು. ಮೃತಸಂಜೀವನಿ ಹೋದ ಜೀವವನ್ನು ತರಲು. ನಾಲ್ಕು ಕೆಲಸ, ನಾಲ್ಕು ಮೂಲಿಕೆ. ಗಾಯ ಮಾಯುವುದೆಂದರೆ ಒಂದೇ ಕೆಲಸವಲ್ಲ ಎಂಬುದು ಆ ಕವಿಗೆ ಸ್ಪಷ್ಟವಾಗಿ ಗೊತ್ತಿತ್ತು.

ಈ ನಾಲ್ಕನ್ನು ಇವತ್ತಿನ ಪಾತ್ರಗಳಿಗೆ ಹಚ್ಚಿ ನೋಡಿ. 1974ರಲ್ಲಿ ಹಲ್ಕ್ ಕಾಮಿಕ್ಸಿನಲ್ಲಿ ಮೊದಲು ಕಾಣಿಸಿಕೊಂಡ ವುಲ್ವರಿನ್ನನ ಮೈ ತನಗೆ ಹೊಕ್ಕ ಗುಂಡನ್ನು ತಾನೇ ಹೊರಗೆ ದೂಡುತ್ತದೆ, ವಿಶಲ್ಯಕರಣಿ ಇದೆ. ಸೀಳಿದ ಮಾಂಸ ಕೂಡಿಕೊಳ್ಳುತ್ತದೆ, ಸಂಧಾನಕರಣಿಯೂ ಇದೆ. ಕಲೆ ಉಳಿಯುವುದಿಲ್ಲ, ಸಾವರ್ಣ್ಯಕರಣಿಯೂ ಸರಿ. ಈಗ ಅದೇ ಕಾಮಿಕ್ಸ್ ಲೋಕದಲ್ಲಿ 1991ರಲ್ಲಿ ಬಂದ ಡೆಡ್‌ಪೂಲ್. ಅವನ ಶಕ್ತಿಯ ಮೂಲವೇ ವುಲ್ವರಿನ್ನನದ್ದು. ಕಡಿದ ಕೈ ಬರುತ್ತದೆ, ಹಾರಿದ ತಲೆ ಕೂರುತ್ತದೆ, ಆದರೆ ಮುಖದಿಂದ ಪಾದದವರೆಗೆ ಚರ್ಮ ಸುಟ್ಟಂತೆ ವಿಕಾರವಾಗಿಯೇ ಇರುತ್ತದೆ. ಅವನ ಮೈಯಲ್ಲಿರುವ ಕ್ಯಾನ್ಸರೂ ಅಂಗಾಂಶಗಳಷ್ಟೇ ವೇಗವಾಗಿ ಬೆಳೆಯುತ್ತಿರುವುದು ಅದಕ್ಕೆ ಕಾರಣ. ಮಿಕ್ಕ ಮೂಲಿಕೆಗಳೆಲ್ಲ ಸಿಕ್ಕಿ ಸಾವರ್ಣ್ಯಕರಣಿಯೊಂದು ಸಿಗದ ಆಸಾಮಿ. ಸುಮ್ಮನೆ 'ಮೇಲ್ದರ್ಜೆ' ಎಂದು ಬರೆದರೆ ಈ ವ್ಯತ್ಯಾಸ ಎಲ್ಲೂ ದಾಖಲಾಗುವುದಿಲ್ಲ.

ಜರಾಸಂಧನದ್ದು ಶುದ್ಧ ಸಂಧಾನಕರಣಿ. ಹುಟ್ಟುವಾಗಲೇ ಎರಡು ಹೋಳು, ಜರೆ ಎಂಬ ರಾಕ್ಷಸಿ ಜೋಡಿಸಿದ್ದರಿಂದ ಆ ಹೆಸರು. ಭೀಮ ಸೀಳಿ ಎಸೆದರೂ ಹೋಳುಗಳು ಬಂದು ಕೂಡಿಕೊಂಡವು, ಕೃಷ್ಣ ಕಡ್ಡಿ ಸೀಳಿ ತಿರುಗುಮುರುಗಾಗಿ ಎಸೆದು ಸನ್ನೆ ಮಾಡಿದ ಎಂಬುದು ನಮ್ಮಲ್ಲಿ ಎಲ್ಲರೂ ಕೇಳಿದ ಕಥೆ. ಭಾಗವತದಲ್ಲಿ ಕೃಷ್ಣ ರೆಂಬೆ ಸೀಳಿ ತೋರಿಸುವುದು ಇದೆ, ಭೀಮ ಸೀಳುವುದೂ ಇದೆ, ಹೋಳುಗಳು ಮತ್ತೆ ಕೂಡಿಕೊಳ್ಳುವುದು ಇಲ್ಲ. ಹಾಗಾಗಿ ವಿಂಗಡಿಸುವಾಗ ಯಾವ ಕಥನದ ಜರಾಸಂಧ ಎಂದು ಮೊದಲು ಬರೆಯಬೇಕು. ಜನಪ್ರಿಯ ಕಥನದವನನ್ನೇ ತೆಗೆದುಕೊಂಡರೂ ಅವನ ಮೈಯಲ್ಲಿ ಹೊಸದೇನೂ ಬೆಳೆಯುವುದಿಲ್ಲ. ಎರಡೂ ಹೋಳು ಇರಬೇಕು, ಎಡಕ್ಕೆ ಎಡ ಬಲಕ್ಕೆ ಬಲ ಇರಬೇಕು. ಒಂದು ಹೋಳನ್ನು ಸುಟ್ಟರೆ ಅಲ್ಲಿಗೆ ಕಥೆ ಮುಗಿಯಿತು. 1991ರ ಟರ್ಮಿನೇಟರ್ ಚಿತ್ರದ ದ್ರವಲೋಹದ ಯಂತ್ರವೂ ಇದೇ ಜಾತಿ: ಚೂರುಗಳು ಹರಿದು ಬಂದು ಕೂಡುತ್ತವೆ, ಬೆಳೆಯುವುದಿಲ್ಲ. ಅದಕ್ಕೇ ಕಾದ ಉಕ್ಕಿನ ಕೊಪ್ಪರಿಗೆಗೆ ಬಿದ್ದಾಗ ಕರಗಿ ಮುಗಿಯಿತು.

ಜಾಂಬವಂತನ ಪಟ್ಟಿಯಲ್ಲಿ ಇಲ್ಲದ ಒಂದು ಕೆಲಸವಿದೆ, ಗಮನಿಸಿದಿರಾ? ಇಲ್ಲದ್ದನ್ನು ಬೆಳೆಸುವುದು. ಕಳೆದುಹೋದ ಕೈಯನ್ನು ಚಿಗುರಿಸುವ ಮೂಲಿಕೆ ಆ ಶಿಖರದಲ್ಲಿಲ್ಲ. ಆ ಐದನೇ ಶಕ್ತಿ ಅದೇ ಕಾಂಡದಲ್ಲಿ ಎದುರು ಪಕ್ಷದವನಿಗಿದೆ. ರಾಮ ರಾವಣನ ತಲೆಯನ್ನು ಕತ್ತರಿಸುತ್ತಾನೆ, ಅಂಥದ್ದೇ ಇನ್ನೊಂದು ಏಳುತ್ತದೆ, ಹೀಗೆ ನೂರು ತಲೆ. ಕೊನೆಗೆ ಸಾರಥಿ ಮಾತಲಿ ನೆನಪಿಸಿದ ಮೇಲೆ ಬ್ರಹ್ಮಾಸ್ತ್ರ ಬಿಟ್ಟು ಎದೆ ಸೀಳುತ್ತಾನೆ. ಹೊಕ್ಕುಳಲ್ಲಿ ಅಮೃತವಿತ್ತು, ವಿಭೀಷಣ ಗುಟ್ಟು ಹೇಳಿದ ಎಂಬುದು ಅಧ್ಯಾತ್ಮ ರಾಮಾಯಣ, ತುಳಸಿ ರಾಮಾಯಣಗಳ ಕಥೆ, ವಾಲ್ಮೀಕಿಯಲ್ಲಿ ಅದಿಲ್ಲ. ಎರಡೂ ಕಥನಗಳು ಒಪ್ಪುವ ವಿಷಯ ಮಾತ್ರ ವಿಂಗಡಣೆಗೆ ಬಹಳ ಮುಖ್ಯ: ಚಿಗುರುವ ಶಕ್ತಿಯ ಬೇರು ತಲೆಯಲ್ಲಿರಲಿಲ್ಲ. ಮುಂಡದಲ್ಲಿತ್ತು. ತಲೆ ಕಡಿಯುವುದೆಂದರೆ ಬಾಳೆಗಿಡದ ಎಲೆ ಸವರಿದಂತೆ, ಗಡ್ಡೆ ಹಾಗೆಯೇ ಇರುತ್ತದೆ.

ಗಡ್ಡೆ ಎಲ್ಲಿದೆ ಎಂದು ಹುಡುಕುವುದು ಮರುಬೆಳವಣಿಗೆಯ ವಿಂಗಡಣೆಯಲ್ಲಿ ಮುಕ್ಕಾಲು ಪಾಲು ಕೆಲಸ. 1984ರಿಂದ 1995ರವರೆಗೆ ಜಪಾನಿನಲ್ಲಿ ಧಾರಾವಾಹಿಯಾಗಿ ಬಂದ ಚಿತ್ರಕಥೆ ಡ್ರ್ಯಾಗನ್ ಬಾಲ್ ಇದಕ್ಕೆ ಒಳ್ಳೆಯ ಪಾಠಶಾಲೆ. ಪಿಕೊಲೊ ಕೈ ಚಿಗುರಿಸಿಕೊಳ್ಳುತ್ತಾನೆ, ಆದರೆ ತಲೆ ಉಳಿಯಬೇಕು. ಮಾಜಿನ್ ಬೂನನ್ನು ಚೂರುಚೂರು ಮಾಡಿದರೂ, ಹೊಗೆ ಮಾಡಿದರೂ ಮರಳುತ್ತಾನೆ; ಅವನ ಯಾವ ಚೂರೂ ಮಿಕ್ಕದ ಚೂರುಗಳಷ್ಟೇ ಗಡ್ಡೆ. ಆದ್ದರಿಂದ ಅವನನ್ನು ಮುಗಿಸಲು ಒಂದು ಕಣವೂ ಉಳಿಯದಂತೆ ಅಳಿಸಬೇಕಾಯಿತು. ಇವರಿಬ್ಬರ ನಡುವಿನ ಸೆಲ್ ಎಂಬಾತ ತಲೆನೋವಿನವನು. ಕಥಾನಾಯಕ ಗೋಕು ಅವನ ಸೊಂಟದಿಂದ ಮೇಲಿನದನ್ನು ಹಾರಿಸಿಬಿಡುತ್ತಾನೆ, ಉಳಿದ ಕಾಲುಗಳ ಮೇಲೆ ಹೊಸ ಮುಂಡ, ಹೊಸ ತಲೆ ಎದ್ದುಬರುತ್ತವೆ. ಸ್ವಲ್ಪ ಮುಂದೆ ಅವನೇ ಹೇಳುತ್ತಾನೆ, ತನ್ನ ತಲೆಯೊಳಗಿನ ಒಂದು ತಿರುಳು ಉಳಿದರೆ ಸಾಕು ಎಂದು. ಹಾಗಾದರೆ ಮೊದಲ ಸಲ ತಲೆಯೇ ಹೋಗಿತ್ತಲ್ಲ? ಇಲ್ಲಿ ಸುಲಭದ ದಾರಿ ಹುಡುಕಬಾರದು. ಪಾತ್ರ ಹೇಳಿದ್ದೊಂದು, ಚಿತ್ರದಲ್ಲಿ ಕಂಡದ್ದೊಂದು. ಎರಡನ್ನೂ ಬೇರೆ ಬೇರೆ ಬರೆದು, ಹೊಂದುವುದಿಲ್ಲ ಎಂದು ಷರಾ ಹಾಕಿ ಬಿಡಬೇಕು. ತಿರುಳು ಓಡಾಡುತ್ತಿರಬಹುದು ಎಂದು ನಾವೇ ವಿವರಣೆ ಹೊಲಿದರೆ ಅದು ವಿಂಗಡಣೆಯಾಗದು, ಲೇಖಕರ ಪರ ವಕಾಲತ್ತಾದೀತು.

ಇನ್ನು ಬೆಳೆದದ್ದರ ಗುಣಮಟ್ಟ. ನಮ್ಮ ಗೋಡೆಯ ಹಲ್ಲಿಯನ್ನೇ ನೋಡಿ. ಉದುರಿದ ಬಾಲ ಬರುತ್ತದೆ, ಆದರೆ ಒಳಗೆ ಮೊದಲಿದ್ದ ಬೆನ್ನುಮೂಳೆಯ ಮಣಿಗಳಿರುವುದಿಲ್ಲ, ಮೃದ್ವಸ್ಥಿಯ ಒಂದು ಕೊಳವೆ ಇರುತ್ತದೆ. ಮನುಷ್ಯನ ಯಕೃತ್ತನ್ನು ಮೂರರಲ್ಲಿ ಎರಡು ಪಾಲು ಕತ್ತರಿಸಿದರೂ ತೂಕ ತುಂಬಿಕೊಳ್ಳುತ್ತದೆ, ಕತ್ತರಿಸಿದ ಹಾಲೆಗಳ ಆಕಾರ ಮರಳುವುದಿಲ್ಲ. ನಿಜವಾದ ಚಾಂಪಿಯನ್ ಪ್ಲನೇರಿಯನ್ ಎಂಬ ಚಪ್ಪಟೆ ಹುಳು. ಅದರ ದೇಹದ 1/279 ಭಾಗದಷ್ಟು ಚೂರಿನಿಂದಲೂ ಪೂರ್ತಿ ಹುಳು ಬೆಳೆಯಬಲ್ಲದೆಂದು ಜೀವವಿಜ್ಞಾನಿ ಟಿ. ಎಚ್. ಮಾರ್ಗನ್ 1898ರಲ್ಲಿ ಲೆಕ್ಕ ಕೊಟ್ಟಿದ್ದರು. ಅಲ್ಲಿಯೂ ಒಂದು ಕನಿಷ್ಠ ಮಿತಿ ಇತ್ತು ಎಂಬುದನ್ನು ಗಮನಿಸಬೇಕು.

ಕಥೆಗಾರರು ಜಾರಿಕೊಳ್ಳುವ ಜಾಗ ಸಾಮಗ್ರಿಯದ್ದು. 70 ಕಿಲೋ ತೂಕದವನ ಒಂದು ಕೈ ಸುಮಾರು ಮೂರೂವರೆ ಕಿಲೋ. ಅದರಲ್ಲಿ ಬಹುಪಾಲು ನೀರು, ಪ್ರೋಟೀನು 600-700 ಗ್ರಾಂ. ಅಷ್ಟು ಪ್ರೋಟೀನಿಗೆ ನೂರಕ್ಕೆ ಕಡಿಮೆಯಿಲ್ಲದ ಕೋಳಿಮೊಟ್ಟೆ ಬೇಕು. ಐದು ಸೆಕೆಂಡಿನಲ್ಲಿ ಕೈ ಬಂತು ಎಂದರೆ ಇದೆಲ್ಲ ಎಲ್ಲಿಂದ ಬಂತು? ಶಾಖದ ಸಮಸ್ಯೆಯೂ ಉಂಟು. ಅಂಗಾಂಶ ಕಟ್ಟುವಾಗ ಶಕ್ತಿಯ ಒಂದು ಪಾಲು ಬಿಸಿಯಾಗಿ ಸೋರಲೇಬೇಕು. ಬರೀ 500 ಕಿಲೊಕ್ಯಾಲರಿ ಸೋರಿದರೂ ಮೂರೂವರೆ ಕಿಲೋದ ಆ ಹೊಸ ಕೈ ನೂರು ಡಿಗ್ರಿ ದಾಟಿ ಬೆಂದುಹೋಗುತ್ತದೆ. ಹೀಗೆಂದು ಕಥೆಯನ್ನು ತಳ್ಳಿಹಾಕಬೇಕಾಗಿಲ್ಲ. ಸಾಮಗ್ರಿಯ ಮೂಲವನ್ನು ಕಥೆ ಹೇಳಿದೆಯೋ ಇಲ್ಲವೋ ಎಂಬುದನ್ನು ಗುರುತು ಹಾಕಿಕೊಂಡರೆ ಸಾಕು. ಹೇಳಿದ್ದರೆ ಸಾಮಾನ್ಯವಾಗಿ ಅಲ್ಲೇ ಆ ಪಾತ್ರದ ಸೋಲೂ ಅಡಗಿರುತ್ತದೆ.

ಫುಲ್‌ಮೆಟಲ್ ಆಲ್ಕೆಮಿಸ್ಟ್ ಎಂಬ ಜಪಾನಿ ಚಿತ್ರಕಥೆ ಇದನ್ನು ಅಚ್ಚುಕಟ್ಟಾಗಿ ಮಾಡಿದೆ. ಅದರಲ್ಲಿ ಸತ್ತ ತಾಯಿಯನ್ನು ಮರಳಿ ತರಲು ಹೊರಟ ಅಣ್ಣತಮ್ಮಂದಿರ ಬಳಿ ಸಾಮಾನಿನ ಚೀಟಿಯೇ ಇದೆ: ನೀರು 35 ಲೀಟರ್, ಇಂಗಾಲ 20 ಕಿಲೋ, ಅಮೋನಿಯಾ 4 ಲೀಟರ್, ಸುಣ್ಣ ಒಂದೂವರೆ ಕಿಲೋ, ರಂಜಕ 800 ಗ್ರಾಂ, ಉಪ್ಪು 250 ಗ್ರಾಂ, ಪೆಟ್ಲುಪ್ಪು 100 ಗ್ರಾಂ, ಗಂಧಕ 80 ಗ್ರಾಂ, ಕಬ್ಬಿಣ 5 ಗ್ರಾಂ, ಹೀಗೆ. ದಿನಸಿ ಅಂಗಡಿಯ ಲೆಕ್ಕದಂತಿದೆ. ಇಂಗಾಲ ಸ್ವಲ್ಪ ಧಾರಾಳವಾಯಿತು ಅನ್ನಿ, ನಿಜವಾದ ದೇಹದಲ್ಲಿ ಅದು ತೂಕದ ಶೇ. 18ರ ಆಸುಪಾಸು. ಆದರೂ ಪ್ರಯೋಗ ಕೆಟ್ಟದ್ದು ತೂಕ ತಪ್ಪಿ ಅಲ್ಲ. ಎದ್ದು ಬಂದದ್ದು ತಾಯಿಯಾಗಿರಲಿಲ್ಲ. ಅಣ್ಣನ ಕಾಲು, ತಮ್ಮನ ಇಡೀ ದೇಹ ಬೆಲೆಯಾಗಿ ಹೋದವು. ಸಾಮಗ್ರಿ ಇದ್ದ ಮಾತ್ರಕ್ಕೆ ವ್ಯಕ್ತಿ ಬರುವುದಿಲ್ಲ ಎಂದಾಯಿತು. ಅದೇ ಕಥೆಯ ಕೃತಕ ಮನುಷ್ಯರಾದ ಹೋಮುಂಕುಲಸ್‌ಗಳು ಸುಟ್ಟರೂ ಕಡಿದರೂ ಎದ್ದು ಬರುತ್ತಾರೆ, ಏಕೆಂದರೆ ಅವರೊಳಗಿನ ಕಲ್ಲು ಮನುಷ್ಯರ ಪ್ರಾಣಗಳಿಂದ ಮಾಡಿದ್ದು. ಪ್ರತಿ ಸಲ ಎದ್ದಾಗಲೂ ದಾಸ್ತಾನಿನಿಂದ ಒಂದಷ್ಟು ಖರ್ಚು. ಕರ್ನಲ್ ಮಸ್ಟಾಂಗ್ ಅವರಲ್ಲೊಬ್ಬಳಾದ ಲಸ್ಟ್ ಎಂಬವಳನ್ನು ಕೊಲ್ಲಲು ಯಾವ ವಿಶೇಷ ಅಸ್ತ್ರವನ್ನೂ ಹುಡುಕುವುದಿಲ್ಲ. ಸುಡುತ್ತಾನೆ, ಏಳುತ್ತಾಳೆ, ಮತ್ತೆ ಸುಡುತ್ತಾನೆ, ದಾಸ್ತಾನು ಬರಿದಾಗುವ ತನಕ.

ಹೀಗೆ ಎಣಿಕೆಯ ಮಿತಿ ಇರುವವರ ಪೈಕಿ ಪ್ರಸಿದ್ಧ ಬ್ರಿಟಿಷ್ ಟಿವಿಯ ಡಾಕ್ಟರ್ ಹೂ. ಅಲ್ಲಿ ಇಡೀ ದೇಹವೇ ಬದಲಾಗುತ್ತದೆ, ನೆನಪು ಉಳಿಯುತ್ತದೆ, ಸ್ವಭಾವ ಅರ್ಧಂಬರ್ಧ. 1966ರಲ್ಲಿ ಮುಖ್ಯ ನಟ ವಿಲಿಯಂ ಹಾರ್ಟ್‌ನೆಲ್ ಅವರ ಆರೋಗ್ಯ ಕೆಟ್ಟು ಪಾತ್ರಕ್ಕೆ ಬೇರೆ ನಟರನ್ನು ತರಬೇಕಾದಾಗ ಹುಟ್ಟಿದ ಉಪಾಯ ಇದು. ಅದಕ್ಕೆ ರೀಜನರೇಶನ್ ಎಂಬ ಹೆಸರು ಬಂದದ್ದು 1974ರಲ್ಲಿ, ಹನ್ನೆರಡೇ ಸಲ ಎಂಬ ಮಿತಿ ಬಂದದ್ದು 1976ರಲ್ಲಿ. 2013ರಲ್ಲಿ ಎಣಿಕೆ ಮುಗಿದಾಗ ಕಥೆಯೊಳಗೇ ಹೊಸ ಸುತ್ತನ್ನು ದಯಪಾಲಿಸಿದರು. ಕಾರ್ಯಕ್ರಮ ನಿಲ್ಲಬಾರದಲ್ಲ! ಮಿತಿ ಹಾಕುವವರೂ ಬರಹಗಾರರೇ, ಎತ್ತುವವರೂ ಅವರೇ. ಆದ್ದರಿಂದ ಯಾವ ವರ್ಷದ ಡಾಕ್ಟರ್ ಎಂದು ಬರೆಯದಿದ್ದರೆ ವಿಂಗಡಣೆಗೆ ಬೆಲೆಯಿಲ್ಲ.

ವೇಗವನ್ನೂ ಬಿಡುವಂತಿಲ್ಲ. ಗ್ರೀಕರ ಪ್ರೊಮಿಥಿಯಸ್‌ನ ಯಕೃತ್ತನ್ನು ಹದ್ದು ಹಗಲಲ್ಲಿ ತಿಂದಷ್ಟೂ ರಾತ್ರಿ ಬೆಳೆಯುತ್ತದೆ. ಹದ್ದಿನ ಹಸಿವಿಗೂ ಬೆಳವಣಿಗೆಗೂ ಸರಿಸಮ ತೂಗಿ ಇಟ್ಟ ಶಿಕ್ಷೆ ಅದು. ಅವರದೇ ಕಥೆಯ ಬಹುತಲೆಯ ಹಾವು, ಲೆರ್ನಾದ ಹೈಡ್ರಾ, ಕಡಿದ ಒಂದು ತಲೆಗೆ ಎರಡು ಕೊಡುತ್ತಿತ್ತು. ಅದನ್ನು ಕೊಲ್ಲಲು ಬಂದ ಹೆರಾಕ್ಲಿಸನ ಜೊತೆಗಾರ ಐಯೊಲಾಸ್ ಕೊಳ್ಳಿಯಿಂದ ಕತ್ತನ್ನು ಸುಟ್ಟು ಚಿಗುರುವ ಬಾಯಿ ಮುಚ್ಚಿದ; ಸಾವಿಲ್ಲದ ನಡುತಲೆಯನ್ನು ಮಾತ್ರ ಏನು ಮಾಡಲೂ ಆಗದೆ ಬಂಡೆಯಡಿ ಹೂತರು. ಕೊಲ್ಲಲಾಗದ್ದನ್ನು ಬಂಧಿಸಬಹುದು. ಇದನ್ನೂ ಸೋಲಿನ ಖಾನೆಯಲ್ಲೇ ಬರೆಯಬೇಕು.

ಗಡ್ಡೆ ದೇಹದೊಳಗೇ ಇರಬೇಕೆಂದಿಲ್ಲ. ಏಳು ಸಮುದ್ರದಾಚೆ ಮರದ ಪೊಟರೆಯಲ್ಲಿ ಗಿಣಿ, ಗಿಣಿಯಲ್ಲಿ ರಾಕ್ಷಸನ ಪ್ರಾಣ ಎನ್ನುವ ನಮ್ಮ ಅಜ್ಜಿಕಥೆಯ ಪೂರ್ತಿ ಸ್ವಾರಸ್ಯ ಅಲ್ಲಿದೆ. ರಷ್ಯಾದ ಕೊಶ್ಚೆಯ್‌ನ ಸಾವು ಸೂಜಿಯ ಮೊನೆಯಲ್ಲಿ, ಸೂಜಿ ಮೊಟ್ಟೆಯಲ್ಲಿ, ಮೊಟ್ಟೆ ಬಾತಿನಲ್ಲಿ, ಬಾತು ಮೊಲದಲ್ಲಿ, ಮೊಲ ಪೆಟ್ಟಿಗೆಯಲ್ಲಿ. ಇವರನ್ನು ಮರುಬೆಳವಣಿಗೆಯವರ ಸಾಲಿಗೆ ಸೇರಿಸುವುದು ತಪ್ಪು. ಪ್ರಾಣವನ್ನು ಬೇರೆಡೆ ಕಟ್ಟಿಹಾಕಿದ ಮಾತ್ರಕ್ಕೆ ದೇಹ ತಾನಾಗಿ ಬೆಳೆಯಬೇಕೆಂದಿಲ್ಲ, ಎರಡೂ ಬೇರೆ ಬೇರೆ ಸೌಲಭ್ಯ. ಹ್ಯಾರಿ ಪಾಟರ್ ಕಥೆಯ ವೋಲ್ಡೆಮೋರ್ಟ್ ಇದಕ್ಕೆ ಸ್ವಚ್ಛ ಉದಾಹರಣೆ. ಆತ್ಮದ ಚೂರುಗಳನ್ನು ವಸ್ತುಗಳಲ್ಲಿ ಇಟ್ಟಿದ್ದರಿಂದ 1981ರಲ್ಲಿ ದೇಹ ನಾಶವಾದರೂ ಸಾಯಲಿಲ್ಲ. ಆದರೆ ದೇಹವೂ ಬರಲಿಲ್ಲ. 1995ರವರೆಗೆ ನೆರಳಿನಂತೆ ಅಲೆದು, ಕೊನೆಗೆ ಅಪ್ಪನ ಮೂಳೆ, ಸೇವಕನ ಮಾಂಸ, ಶತ್ರುವಿನ ರಕ್ತ ಹಾಕಿ ಕುದಿಸಿದ ಪ್ರತ್ಯೇಕ ವಿಧಿಯಿಂದ ದೇಹ ಪಡೆಯಬೇಕಾಯಿತು. ಗಿಣಿಯ ರಾಕ್ಷಸನಲ್ಲಿ ಇನ್ನೊಂದು ಮಜಾ: ಗಿಣಿಯ ಕಾಲು ಮುರಿದರೆ ಅವನ ಕಾಲೂ ಮುರಿಯುತ್ತದೆ. ವೋಲ್ಡೆಮೋರ್ಟನ ಡೈರಿಯೊಂದು ನಾಶವಾದದ್ದು ಅವನಿಗೆ ಆಗ ಗೊತ್ತೇ ಆಗಲಿಲ್ಲ. ಒಂದು ತಂತಿಯಲ್ಲಿ ನೋವೂ ಹರಿಯುತ್ತದೆ, ಇನ್ನೊಂದರಲ್ಲಿ ಹರಿಯುವುದಿಲ್ಲ.

ಈಗ ಗೆರೆಯ ಆಚೆ, ಮರುಜೀವಕ್ಕೆ. ಇಲ್ಲಿ ಕಚನಿಗೆ ಸಮನಾದ ಪ್ರಕರಣವೇ ಇಲ್ಲ. ಆದಿಪರ್ವದ ಈ ಭಾಗವನ್ನು ಪ್ರಯೋಗಶಾಲೆಯ ಟಿಪ್ಪಣಿಯಂತೆ ಓದಬಹುದು. ಶುಕ್ರಾಚಾರ್ಯರಲ್ಲಿ ಸಂಜೀವನೀ ವಿದ್ಯೆ ಕಲಿಯಲು ಬಂದ ಕಚನನ್ನು ದಾನವರು ಕೊಲ್ಲುತ್ತಾರೆ. ಮೊದಲ ಸಲ ತುಂಡುತುಂಡು ಮಾಡಿ ತೋಳಗಳಿಗೆ ಹಾಕುತ್ತಾರೆ. ದೇವಯಾನಿ ಅಳುತ್ತಾಳೆ, ಶುಕ್ರರು ಕರೆಯುತ್ತಾರೆ, ಕಚ ತೋಳಗಳ ಮೈ ಸೀಳಿಕೊಂಡು ಬರುತ್ತಾನೆ. ದಾನವರು ಪಾಠ ಕಲಿಯುತ್ತಾರೆ: ತುಂಡು ಸಾಲದು. ಕೊನೆಯ ಸಲ ಸುಟ್ಟು, ಬೂದಿಯನ್ನು ಪುಡಿಮಾಡಿ, ಸುರೆಯಲ್ಲಿ ಕದಡಿ ಶುಕ್ರರಿಗೇ ಕುಡಿಸುತ್ತಾರೆ.

ಈ ಉಪಾಯದ ಜಾಣತನವನ್ನು ಸಾಮಾನ್ಯವಾಗಿ ಯಾರೂ ಗಮನಿಸುವುದಿಲ್ಲ. ಬೂದಿಯಾದರೂ ವಿದ್ಯೆ ಕೆಲಸ ಮಾಡುತ್ತದೆಂಬುದು ದಾನವರಿಗೆ ಗೊತ್ತಿದ್ದೀತು. ಅವರು ದಾಳಿ ಮಾಡಿದ್ದು ದೇಹದ ಮೇಲಲ್ಲ, ಜಾಗದ ಮೇಲೆ. ತೋಳಗಳ ಪ್ರಸಂಗದಲ್ಲೇ ಒಂದು ನಿಯಮ ಬಯಲಾಗಿತ್ತು: ಸಂಜೀವನಿ ಹೊಸ ದೇಹ ಕೊಡುವುದಿಲ್ಲ, ಇದ್ದ ಸಾಮಗ್ರಿಯನ್ನೇ ಇದ್ದಲ್ಲೇ ಕೂಡಿಸುತ್ತದೆ, ನಡುವೆ ಯಾರ ಹೊಟ್ಟೆ ಇದ್ದರೂ ಒಡೆದು ಬರುತ್ತದೆ. ಆ ಹೊಟ್ಟೆ ವಿದ್ಯೆ ಬಲ್ಲ ಏಕೈಕ ವ್ಯಕ್ತಿಯದ್ದೇ ಆದರೆ? ಶಿಷ್ಯ ಬದುಕಿದರೆ ಗುರು ಸಾಯಬೇಕು, ಗುರು ಸತ್ತರೆ ವಿದ್ಯೆಯೂ ಹೋಗಬೇಕು. ಶುಕ್ರರು ಕಂಡುಕೊಂಡ ದಾರಿ ಇನ್ನೂ ಸೊಗಸು. ಹೊಟ್ಟೆಯೊಳಗಿನ ಕಚನಿಗೆ ಮೊದಲು ವಿದ್ಯೆ ಹೇಳಿಕೊಟ್ಟು ಆಮೇಲೆ ಹೊರಬರಲು ಹೇಳುತ್ತಾರೆ. ಅವನು ಸೀಳಿ ಬಂದು, ಸತ್ತ ಗುರುವನ್ನು ಅದೇ ವಿದ್ಯೆಯಿಂದ ಎಬ್ಬಿಸುತ್ತಾನೆ. ಕಚನ ಚೀಟಿಯಲ್ಲಿ ಹೀಗೆ ಬರೆಯಬಹುದು: ಉಳಿಯಬೇಕಾದ್ದು ಬೂದಿಯಾದರೂ ಸರಿ, ಪ್ರಚೋದನೆ ಬಲ್ಲವರ ಕರೆ, ಜಾಗ ಸಾಮಗ್ರಿ ಇದ್ದಲ್ಲೇ, ನೆನಪು ಅಖಂಡ, ಏಕೆಂದರೆ ಹೊಟ್ಟೆಯೊಳಗಿಂದಲೇ ಯಾರು ಕೊಂದರೆಂದು ವರದಿ ಒಪ್ಪಿಸುತ್ತಾನೆ, ಅಡಚಣೆ, ಬಲ್ಲವರು ಇಲ್ಲದಿರುವುದು. ಮತ್ತು ಶಕ್ತಿ ಕಚನದ್ದಲ್ಲ, ಶುಕ್ರರದ್ದು. ಪಟ್ಟಿ ಮಾಡುವವರು ಪದೇಪದೇ ಮಾಡುವ ತಪ್ಪು ಇದು, ಎದ್ದು ಬಂದವನ ಹೆಸರಿನಲ್ಲಿ ಎಬ್ಬಿಸಿದವರ ಶಕ್ತಿಯನ್ನು ಜಮಾ ಮಾಡುವುದು.

ಜಾಗದ ಪ್ರಶ್ನೆ ಸಾವಿರಾರು ವರ್ಷಗಳ ಆಚೆ ಡ್ರ್ಯಾಗನ್ ಬಾಲ್‌ನಲ್ಲೂ ಎದುರಾಗುತ್ತದೆ. ಕೋರಿಕೆ ಈಡೇರಿಸುವ ಭೂಮಿಯ ಡ್ರ್ಯಾಗನ್ ಷೆನ್ರಾನ್ ಒಂದೇ ಕೋರಿಕೆಗೆ ಬಹಳ ಮಂದಿಯನ್ನು ಬದುಕಿಸಬಲ್ಲ, ಆದರೆ ಒಬ್ಬರನ್ನು ಒಂದೇ ಸಲ, ಸಹಜವಾಗಿ ಸತ್ತವರನ್ನು ಆಗದು. ನಮೆಕ್ ಗ್ರಹದ ಪೊರುಂಗಾ ಒಬ್ಬರನ್ನೇ ಎಷ್ಟು ಸಲವಾದರೂ ಬದುಕಿಸಬಲ್ಲ, ಆದರೆ ಆಗ ಒಂದು ಕೋರಿಕೆಗೆ ಒಂದೇ ಜೀವ. ಗೋಕುವಿನ ಗೆಳೆಯ ಕ್ರಿಲಿನ್ ಹಿಂದೊಮ್ಮೆ ಷೆನ್ರಾನ್‌ನಿಂದ ಬದುಕಿದವನು; ಎರಡನೇ ಸಾವಿಗೆ ಪೊರುಂಗಾನೇ ಗತಿ. ಅಷ್ಟರಲ್ಲಿ ಅವನು ಸತ್ತ ನಮೆಕ್ ಗ್ರಹವೇ ಸಿಡಿದುಹೋಗಿದೆ. ಬದುಕಿಸಿದರೆ ಶೂನ್ಯಾಕಾಶದಲ್ಲಿ ಎದ್ದು ಆ ಕ್ಷಣವೇ ಮತ್ತೆ ಸಾಯುತ್ತಾನೆ. ಮೊದಲು ಆತ್ಮವನ್ನು ಭೂಮಿಯ ಕಡೆಗೆ ತರಿಸಿ, ಆಮೇಲೆ ಜೀವ ಕೇಳಿ ಎಂಬ ದಾರಿ ಹೇಳುವುದು ವೆಜಿಟಾ. ಒಂದು ಸಾವಿಗೆ ಎರಡು ಕೋರಿಕೆಯ ಖರ್ಚು.

ಮಿಕ್ಕವನ್ನು ಬೇಗ ನೋಡಿಬಿಡೋಣ. ಸತ್ಯವಾನನ ದೇಹಕ್ಕೆ ಏನೂ ಆಗಿರಲಿಲ್ಲ, ಯಮ ಒಯ್ದದ್ದು ಹೆಬ್ಬೆರಳಿನಷ್ಟು ಪುರುಷನನ್ನು; ಅದು ಚಿಕಿತ್ಸೆಯಲ್ಲ, ಆದೇಶದ ಹಿಂಪಡೆತ. ವ್ಯಾಸಭಾರತದ ಅಶ್ವಮೇಧಿಕ ಪರ್ವದಲ್ಲಿ ಬಭ್ರುವಾಹನನ ಬಾಣಕ್ಕೆ ಬಿದ್ದ ಅರ್ಜುನನ ಎದೆಯ ಮೇಲೆ ಉಲೂಪಿ ತರಿಸಿದ ಮಣಿ ಇಟ್ಟರೆ ಸಾಕು, ಏಳುತ್ತಾನೆ. ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಅರ್ಜುನನ ತಲೆಯೇ ಹೋಗಿರುತ್ತದೆ, ನಾಗರು ಅದನ್ನು ಕದ್ದೊಯ್ಯುತ್ತಾರೆ. ಕೃಷ್ಣ ತಲೆ ತರಿಸುವವರೆಗೆ ಮಣಿ ಕೈಯಲ್ಲಿದ್ದೂ ಉಪಯೋಗಕ್ಕಿಲ್ಲ. ಒಂದೇ ಮಣಿ, ಆದರೆ ಉಳಿಯಬೇಕಾದ್ದರ ಷರತ್ತು ಎರಡನೆಯದರಲ್ಲಿ ಬಿಗಿ. ನರುಟೊ ಕ‌ಥೆಯ ಎಡೊ ಟೆನ್ಸೆಯ್ ಎಂಬ, ಸತ್ತವರನ್ನು ಕರೆತರುವ ವಿದ್ಯೆಗೆ ಸತ್ತವರ ಡಿಎನ್ಎ ಬೇಕು, ಬದುಕಿರುವ ಒಬ್ಬರ ಬಲಿ ಬೇಕು, ಸತ್ತವರ ಆತ್ಮ ಮುದ್ರೆಯೊಳಗೆ ಸೆರೆಯಾಗಿರಬಾರದು. ಮೂರರಲ್ಲಿ ಒಂದು ತಪ್ಪಿದರೂ ನಡೆಯುವುದಿಲ್ಲ.

ವಿಂಗಡಿಸಲು ಕೂತಾಗ ಎಡವುವ ಕಲ್ಲುಗಳೂ ಕೆಲವು ಇವೆ. ದೊಡ್ಡದು ಒಂಟಿ ಘಟನೆಯದ್ದು. ವುಲ್ವರಿನ್ ಒಂದು ಹನಿ ರಕ್ತದಿಂದ ಎದ್ದು ಬಂದ ಎನ್ನುವವರು ತೋರಿಸುವುದು 1987ರ ಎಕ್ಸ್-ಮೆನ್ ವಾರ್ಷಿಕ ಸಂಚಿಕೆಯನ್ನು. ಆ ಹನಿ ಬಿದ್ದದ್ದು ಅಪಾರ ಶಕ್ತಿಯ ಹರಳೊಂದರ ಮೇಲೆ ಎಂಬುದನ್ನು ಹೇಳಲು ಮರೆಯುತ್ತಾರೆ. ಹರಳಿಲ್ಲದ ದಿನಗಳಲ್ಲಿ ಅವನ ಮಿತಿ ಬೇರೆ. ಅದಕ್ಕೆ ನಾನು ಅನುಸರಿಸುವ ಕ್ರಮ ಹೀಗೆ: ಮೊದಲು ಆ ಪಾತ್ರದ ಮೇಲೆ ಬಿದ್ದ ಪೆಟ್ಟುಗಳನ್ನೆಲ್ಲ ಸಂಚಿಕೆ, ಅಧ್ಯಾಯದ ಸಮೇತ ಬರೆದುಕೊಳ್ಳುವುದು, ಪ್ರತಿಯೊಂದರ ಪಕ್ಕ ಏನು ಉಳಿದಿತ್ತು, ಎಷ್ಟು ಹೊತ್ತು ಹಿಡಿಯಿತು ಎಂದು ಹಾಕುವುದು, ಹೊರಗಿನ ನೆರವಿದ್ದವನ್ನು ಅಡ್ಡಗೆರೆ ಹಾಕಿ ಬೇರೆ ಇಡುವುದು, ಉಳಿದವುಗಳಲ್ಲಿ ಕನಿಷ್ಠ ಎರಡು ಸಲ ಕಂಡದ್ದನ್ನಷ್ಟೇ ಸಾಮರ್ಥ್ಯ ಎಂದು ಒಪ್ಪುವುದು. ಇನ್ನೊಂದು ಕಲ್ಲು, ಇಲ್ಲಿಯವರೆಗೆ ಸತ್ತಿಲ್ಲ ಆದ್ದರಿಂದ ಸಾಯುವುದೇ ಇಲ್ಲ ಎಂಬ ವಾದ. ಯಾರೂ ಸುಟ್ಟು ನೋಡಿಲ್ಲದವನ ಚೀಟಿಯಲ್ಲಿ ಬೆಂಕಿಯ ಎದುರು ಖಾಲಿ ಬಿಡಬೇಕು. ಬಹುಮಂದಿಗೆ ಖಾಲಿ ಜಾಗ ಕಂಡರೆ ಕೈ ತುರಿಸುತ್ತದೆ.

ಜಾಂಬವಂತನ ಮೂಲಿಕೆಗಳಿಗೂ ಇದೇ ಕ್ರಮದಲ್ಲಿ ಒಂದು ಚೀಟಿ ಬರೆಯಬಹುದು. ಕೊಡುವ ಬಗೆ: ಮೊದಲ ಸಲ ಗಾಳಿಯಲ್ಲಿ ಬಂದ ವಾಸನೆಯೇ ಸಾಕಾಯಿತು, ಎರಡನೇ ಸಲ ಲಕ್ಷ್ಮಣನಿಗೆ ಸುಷೇಣ ಅರೆದು ಮೂಗಿಗೆ ಹಾಕುತ್ತಾನೆ. ಸಂಗ್ರಹ: ಹುಡುಕಿ ಬಂದವರನ್ನು ಕಂಡರೆ ಗಿಡಗಳು ಮಾಯವಾಗುತ್ತವೆ, ಶಿಖರ ಸಮೇತ ತರಬೇಕು, ಕೆಲಸ ಮುಗಿದ ಮೇಲೆ ವಾಪಸು ಇಟ್ಟು ಬರಬೇಕು. ಉಳಿಯಬೇಕಾದ್ದು: ದೇಹ, ವಾಸನೆ ತಲುಪುವ ದೂರದಲ್ಲಿ. ವಾಸನೆ ಶತ್ರು ಮಿತ್ರ ಎಂದು ನೋಡುವುದಿಲ್ಲವಲ್ಲ, ಹಾಗಾದರೆ ಅದೇ ರಣರಂಗದಲ್ಲಿ ಸತ್ತ ರಾಕ್ಷಸರೇಕೆ ಏಳಲಿಲ್ಲ? ಮೂಲದಲ್ಲಿ ಅದಕ್ಕೂ ಉತ್ತರವಿದೆ. ಯುದ್ಧ ಶುರುವಾದ ದಿನದಿಂದಲೂ, ಸತ್ತವರ ಲೆಕ್ಕ ಹೊರಗೆ ಗೊತ್ತಾದರೆ ಮರ್ಯಾದೆ ಹೋಗುತ್ತದೆಂದು, ಬಿದ್ದ ಪ್ರತಿ ರಾಕ್ಷಸನ ಹೆಣವನ್ನೂ ರಾವಣನ ಅಪ್ಪಣೆಯಂತೆ ಅವನವರೇ ಸಮುದ್ರಕ್ಕೆ ಎಸೆಯುತ್ತಿದ್ದರು.